ನಿರೋಧಕ ಬೀಜಕ್ಕೂ ಬೆಂಕಿ ರೋಗ: ಸೋತಿದ್ದು ಬೀಜವೋ, ಇಡೀ ನಾಲೆಯೋ?

ಮಂಡ್ಯ, ಮೈಸೂರು ಭಾಗದ ನಾಲಾ ಬಯಲಿನಲ್ಲಿ ಭತ್ತ ತೆನೆ ಕಟ್ಟುವ ಹೊತ್ತಿಗೆ ಒಂದು ಬಗೆಯ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಪೈರಿಗೆ ಬೆಂಕಿ ರೋಗ ತಗುಲಿದೆ, ತೆನೆ ಬಿಳಿಚಿದೆ, ಕಾಳು ಜೊಳ್ಳಾಗಿದೆ ಅನ್ನುವ ಸುದ್ದಿ. ಅದರ ಬೆನ್ನಿಗೇ ರೈತರ ದೂರು ಇರುತ್ತದೆ. ರೋಗ ನಿರೋಧಕ ತಳಿ ಅಂತ ಹೇಳಿಯೇ ಬೀಜ ಕೊಟ್ಟಿದ್ದರು. ಮೊದಲ ಎರಡು ಮೂರು ವರ್ಷ ಚೆನ್ನಾಗಿಯೇ ಇತ್ತು. ಈಗ ಯಾಕೆ ಹೀಗಾಯಿತು? ಬೀಜ ನಕಲಿಯೇ? ತಳಿಯ ಶಕ್ತಿ ಸವೆದುಹೋಯಿತೇ?

ಇದರ ಮೇಲೆ ಇನ್ನೊಂದು ಸುದ್ದಿಯೂ ಸೇರಿಕೊಂಡಿದೆ. 2025ರ ಮೇ 4ರಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ದೇಶದ ಮುಂದಿಟ್ಟರು. ಒಂದು ಕಮಲಾ, ಇನ್ನೊಂದು ಪೂಸಾ ಡಿಎಸ್‌ಟಿ ರೈಸ್ 1. ಜೀನನ್ನೇ ತಿದ್ದಬಹುದಾದರೆ ಬೆಂಕಿ ರೋಗದ ಕಾಟವನ್ನೂ ಹಾಗೇ ಮುಗಿಸಬಹುದಲ್ವಾ ಎಂದು ಹಲವರಿಗೆ ಅನ್ನಿಸಿದೆ. ಆದರೆ ಆ ಎರಡೂ ತಳಿಗಳು ಬೆಂಕಿ ರೋಗಕ್ಕಾಗಿ ಮಾಡಿದವಲ್ಲ. ಕಮಲಾ ಹೆಚ್ಚು ಕಾಳಿಗೆ, ಇನ್ನೊಂದು ಬರ ಮತ್ತು ಚೌಳು ತಡೆಯಲಿಕ್ಕೆ.

ಈ ಎರಡು ಸುದ್ದಿಗಳ ಹಿಂದೆ ಒಂದೇ ತಪ್ಪು ತಿಳಿವಳಿಕೆ ಇದೆ. ರೋಗ ತಡೆಯುವ ಶಕ್ತಿ ಕಾಳಿನ ಬಣ್ಣದ ಹಾಗೆ, ಗಾತ್ರದ ಹಾಗೆ ಬೀಜದೊಳಗೆ ಕೂತಿರುವ ಗುಣ ಎಂದು ನಾವು ಅಂದುಕೊಂಡಿದ್ದೇವೆ. ಅದು ಹಾಗಲ್ಲ. ಅದು ಗಿಡಕ್ಕೂ ರೋಗಾಣುವಿಗೂ ನಡುವೆ ಇರುವ ಸಂಬಂಧ. ಸಂಬಂಧದಲ್ಲಿ ಒಂದು ಕಡೆಯವರು ಬದಲಾದರೂ ಸಾಕು, ಎಲ್ಲ ಬದಲಾಗುತ್ತದೆ.

ಎಲೆಯ ಮೇಲೆ ಒಂದು ರಾತ್ರಿ

ಬೆಂಕಿ ರೋಗ ತರುವುದು ಮ್ಯಾಗ್ನಪೋರ್ಥೆ ಒರೈಜೆ ಎಂಬ ಶಿಲೀಂಧ್ರ, ಅಂದರೆ ಒಂದು ಬಗೆಯ ಬೂಷ್ಟು. ಅದರ ಬೀಜಕಣ ಕಣ್ಣಿಗೆ ಕಾಣುವಂಥದ್ದಲ್ಲ. ರಾತ್ರಿ ಹೊತ್ತು ಗಾಳಿಯಲ್ಲಿ ತೇಲಿ ಬಂದು ಭತ್ತದ ಗರಿಯ ಮೇಲೆ ಕೂರುತ್ತದೆ. ಇಬ್ಬನಿ ಇದ್ದರೆ ಗರಿಗೆ ಅಂಟಿಕೊಳ್ಳುತ್ತದೆ, ಒಂದೆರಡು ಗಂಟೆಯಲ್ಲೇ ಮೊಳೆಯುತ್ತದೆ.

ಆಮೇಲೆ ಆಗುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊಳಕೆಯ ತುದಿ ಉಬ್ಬಿ ಒಂದು ಪುಟ್ಟ ಗುಮ್ಮಟದ ಹಾಗಾಗುತ್ತದೆ. ಅದರ ಒಳಗೋಡೆಗೆ ಮೆಲನಿನ್ ಎಂಬ ಕಪ್ಪು ಲೇಪ ಬರುತ್ತದೆ. ನಮ್ಮ ಕೂದಲಿಗೆ ಕಪ್ಪು ಕೊಡುವುದೂ ಇದೇ ಜಾತಿಯ ಬಣ್ಣ. ಈ ಲೇಪ ನೀರನ್ನು ಒಳಗೆ ಬಿಡುತ್ತದೆ, ಒಳಗಿನ ಸಾರವನ್ನು ಹೊರಗೆ ಬಿಡುವುದಿಲ್ಲ. ಹಾಗಾಗಿ ಗುಮ್ಮಟದೊಳಗೆ ನೀರು ತುಂಬುತ್ತಾ ಹೋಗಿ ಒತ್ತಡ ಏರುತ್ತದೆ. ಎಷ್ಟು? ವಾತಾವರಣದ ಒತ್ತಡದ ಸುಮಾರು 80 ಪಟ್ಟು. ಕಾರಿನ ಟೈರಿನಲ್ಲಿರುವ ಒತ್ತಡಕ್ಕೆ ಹೋಲಿಸಿದರೆ 35 ಪಟ್ಟಿಗೂ ಜಾಸ್ತಿ. ಆ ಒತ್ತಡದಲ್ಲಿ ಗುಮ್ಮಟದ ಬುಡದಿಂದ ಒಂದು ಮೊನೆ ಹೊರಟು ಗರಿಯ ಗಟ್ಟಿ ಸಿಪ್ಪೆಯನ್ನು ಚುಚ್ಚಿಕೊಂಡು ಒಳಗೆ ಇಳಿಯುತ್ತದೆ.

ರೈತರು ಸಿಂಪಡಿಸುವ ಟ್ರೈಸೈಕ್ಲಜೋಲ್ ಔಷಧಿ ಕೆಲಸ ಮಾಡುವುದು ಸರಿಯಾಗಿ ಇಲ್ಲಿಯೇ. ಅದು ಆ ಕಪ್ಪು ಲೇಪ ಆಗದಂತೆ ತಡೆಯುತ್ತದೆ. ಲೇಪ ಇಲ್ಲದಿದ್ದರೆ ಒತ್ತಡ ಇಲ್ಲ, ಒತ್ತಡ ಇಲ್ಲದಿದ್ದರೆ ಮೊನೆ ಇಳಿಯುವುದಿಲ್ಲ. ಅಂದರೆ ಇದು ರೋಗ ಒಳಗೆ ಹೋಗುವ ಮುಂಚೆ ಕಾಯುವ ಔಷಧಿ. ತೆನೆಯ ಕುತ್ತಿಗೆ ಕಪ್ಪಾಗಿ ಮುರಿದು ಬಗ್ಗಿದ ಮೇಲೆ ಎಷ್ಟು ಹೊಡೆದರೂ ಆ ತೆನೆಗೆ ಕಾಳು ಬರುವುದಿಲ್ಲ. ಪ್ರತಿ ವರ್ಷ ಎಷ್ಟೋ ದುಡ್ಡು ಹೀಗೆ ತಡವಾಗಿ ಹೊಡೆದೇ ಗದ್ದೆಗೆ ಹೋಗುತ್ತದೆ.

ಒಳಗೆ ಹೋದ ಶಿಲೀಂಧ್ರ ಕೆಲವೇ ದಿನಗಳಲ್ಲಿ ಗರಿಯ ಮೇಲೆ ಕಲೆ ಮಾಡುತ್ತದೆ. ಎರಡೂ ತುದಿ ಚೂಪು, ನಡುವೆ ಬೂದಿ ಬಣ್ಣ, ಅಂಚು ಕಂದು. ದೂರದಿಂದ ನೋಡಿದರೆ ಗದ್ದೆಗೆ ಬೆಂಕಿ ತಗುಲಿದ ಹಾಗೆ. ಅಂಥ ಒಂದು ಕಲೆ ದಿನಕ್ಕೆ 2000ದಿಂದ 6000 ಹೊಸ ಬೀಜಕಣ ಉದುರಿಸುತ್ತದೆ, ಅದೂ ಎರಡು ವಾರದವರೆಗೆ.

ರಕ್ತವಿಲ್ಲದ ಗಿಡ ಕಾದುಕೊಳ್ಳುವುದು ಹೇಗೆ?

ನಮಗೆ ರಕ್ತವಿದೆ, ಅದರಲ್ಲಿ ಓಡಾಡುವ ಬಿಳಿ ಕಣಗಳಿವೆ. ಒಮ್ಮೆ ಬಂದ ರೋಗವನ್ನು ನೆನಪಿಟ್ಟುಕೊಂಡು ಅದಕ್ಕೆ ತಕ್ಕ ಪ್ರತಿಕಾಯ ಮಾಡುವ ವ್ಯವಸ್ಥೆ ಇದೆ. ಭತ್ತದ ಗಿಡಕ್ಕೆ ಇದ್ಯಾವುದೂ ಇಲ್ಲ. ಅಲ್ಲಿ ಪ್ರತಿಯೊಂದು ಜೀವಕೋಶವೂ ತನ್ನ ಕಾವಲನ್ನು ತಾನೇ ಮಾಡಬೇಕು.

ಮೊದಲನೆಯ ಕಾವಲು ಸಾಮಾನ್ಯವಾದದ್ದು. ಶಿಲೀಂಧ್ರಗಳ ಗೋಡೆ ಕೈಟಿನ್ ಎಂಬ ವಸ್ತುವಿನಿಂದ ಆಗಿರುತ್ತದೆ. ಸಿಗಡಿಯ ಚಿಪ್ಪೂ ಅದರದ್ದೇ. ಗಿಡದಲ್ಲಿ ಕೈಟಿನ್ ಇರುವುದಿಲ್ಲ. ಹಾಗಾಗಿ ಅದರ ಚೂರು ತಗುಲಿದ ಕೂಡಲೇ ಯಾರೋ ಹೊರಗಿನವರು ಬಂದಿದ್ದಾರೆ ಎಂದು ಗಿಡಕ್ಕೆ ಗೊತ್ತಾಗುತ್ತದೆ. ಜೀವಕೋಶದ ಗೋಡೆ ದಪ್ಪವಾಗುತ್ತದೆ, ವಿಷದಂಥ ರಾಸಾಯನಿಕಗಳು ಹೊರಡುತ್ತವೆ. ಗಾಳಿಯಲ್ಲಿ ಸಾವಿರಾರು ಬಗೆಯ ಬೂಷ್ಟಿನ ಕಣಗಳಿದ್ದರೂ ಭತ್ತಕ್ಕೆ ರೋಗ ತರುವುದು ಕೆಲವೇ ಕೆಲವು. ಉಳಿದವೆಲ್ಲ ಈ ಮೊದಲ ಬಾಗಿಲಲ್ಲೇ ಸೋಲುತ್ತವೆ.

ಬೆಂಕಿ ರೋಗದ ಶಿಲೀಂಧ್ರ ಈ ಬಾಗಿಲು ದಾಟುವ ಉಪಾಯ ಕಲಿತಿದೆ. ತನ್ನ ಕೈಟಿನ್ ಚೂರುಗಳನ್ನು ಮುಚ್ಚಿಡುವ ಪ್ರೋಟೀನನ್ನು ಅದು ಮುಂಚೆಯೇ ಸುರಿಸುತ್ತದೆ. ಇನ್ನೂ ಹತ್ತಾರು ಪ್ರೋಟೀನುಗಳನ್ನು ಗಿಡದ ಜೀವಕೋಶದೊಳಗೆ ಕಳಿಸಿ ಅಲ್ಲಿನ ಎಚ್ಚರಿಕೆಯ ಗಂಟೆಯನ್ನು ಅಡಗಿಸುತ್ತದೆ.

ಆಗ ಬರುವುದು ಎರಡನೆಯ ಕಾವಲು. ನಾವು ನಿರೋಧಕ ತಳಿ ಎಂದು ಕರೆಯುವುದು ಹೆಚ್ಚಾಗಿ ಇದನ್ನೇ. ಕೆಲವು ಭತ್ತದ ತಳಿಗಳಲ್ಲಿ ಒಂದು ನಿರ್ದಿಷ್ಟ ಜೀನ್ ಇರುತ್ತದೆ. ಶಿಲೀಂಧ್ರ ಕಳಿಸಿದ ಪ್ರೋಟೀನುಗಳಲ್ಲಿ ಒಂದನ್ನು, ಒಂದೇ ಒಂದನ್ನು, ಅದು ಗುರುತು ಹಿಡಿಯುತ್ತದೆ. ಗುರುತು ಸಿಕ್ಕಿತೋ, ಆ ಜೀವಕೋಶ ತಾನೇ ಸಾಯುತ್ತದೆ. ಸುತ್ತಲಿನ ಕೆಲವು ಕೋಶಗಳೂ ಸಾಯುತ್ತವೆ. ಈ ಶಿಲೀಂಧ್ರ ಒಳನುಗ್ಗಿದ ಮೊದಲ ದಿನಗಳಲ್ಲಿ ಬದುಕುವುದು ಜೀವಂತ ಕೋಶದ ಮೇಲೆ. ಸತ್ತ ಕೋಶದ ಬೇಲಿಯೊಳಗೆ ಸಿಕ್ಕಿಕೊಂಡರೆ ಅದರ ಕಥೆ ಅಲ್ಲಿಗೆ ಮುಗಿಯಿತು.

ಇದು ಗದ್ದೆಯಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಗರಿಯ ಮೇಲೆ ಗುಂಡುಸೂಜಿಯ ತಲೆಯಷ್ಟು ಕಂದು ಚುಕ್ಕಿಗಳಿವೆ, ದಿನ ಕಳೆದರೂ ದೊಡ್ಡದಾಗಿಲ್ಲ, ನಡುವೆ ಬೂದಿ ಬಣ್ಣ ಬಂದಿಲ್ಲ ಎಂದರೆ ಗಿಡ ಗೆದ್ದ ಗುರುತಿರಬಹುದು. ಚುಕ್ಕಿ ಉದ್ದವಾಗಿ ನಡುವೆ ಬೂದಿ ತಿರುಗಿದರೆ ಶಿಲೀಂಧ್ರ ಗೆದ್ದಿದೆ ಎಂದು ಅರ್ಥ. ಮೊದಲನೆಯದನ್ನೇ ರೋಗ ಎಂದು ಹೆದರಿ ಔಷಧಿ ಹೊಡೆಯುವವರೂ ಇದ್ದಾರೆ.

ಒಂದು ಬೀಗ, ಮೂವತ್ತು ಕೋಟಿ ಕೀಲಿ

ಗಿಡದ ಒಂದು ಜೀನಿಗೆ ರೋಗಾಣುವಿನ ಒಂದು ಜೀನ್ ಜೋಡಿ ಎಂಬುದನ್ನು ಮೊದಲು ತೋರಿಸಿದವರು ಅಮೆರಿಕದ ಹೆರಾಲ್ಡ್ ಫ್ಲೋರ್. 1940ರ ದಶಕದಲ್ಲಿ, ಅಗಸೆ ಗಿಡದ ತುಕ್ಕು ರೋಗದ ಮೇಲೆ ಕೆಲಸ ಮಾಡುತ್ತಾ. ಭತ್ತದ ಬೆಂಕಿ ರೋಗಕ್ಕೂ ಇದೇ ಲೆಕ್ಕ ನಡೆಯುತ್ತದೆ.

ಇಲ್ಲೇ ಇರುವುದು ತೊಡಕು. ಗಿಡ ಗುರುತು ಹಿಡಿಯುವ ಆ ಒಂದು ಪ್ರೋಟೀನನ್ನು ಶಿಲೀಂಧ್ರ ಕಳೆದುಕೊಂಡರೆ ಅಥವಾ ಸ್ವಲ್ಪ ಬದಲಿಸಿದರೆ? ಕಾವಲುಗಾರನಿಗೆ ಅದು ಕಾಣುವುದೇ ಇಲ್ಲ. ಶಿಲೀಂಧ್ರ ಹೊಸ ಶಕ್ತಿ ಏನನ್ನೂ ಗಳಿಸಬೇಕಾಗಿಲ್ಲ. ಇರುವ ಒಂದನ್ನು ಬಿಟ್ಟರೆ ಸಾಕು. ಕಟ್ಟುವುದಕ್ಕಿಂತ ಕಳೆದುಕೊಳ್ಳುವುದು ಸುಲಭ ಅಲ್ವಾ?

ಅಂದಾಜಿಗೆ ಒಂದು ಲೆಕ್ಕ ಹಾಕೋಣ. ಒಂದು ಕಲೆಯಿಂದ ರಾತ್ರಿಗೆ 3000 ಬೀಜಕಣ ಎಂದುಕೊಳ್ಳೋಣ. ರೋಗ ಬಿದ್ದ ಒಂದು ಎಕರೆಯಲ್ಲಿ ಒಂದು ಲಕ್ಷ ಕಲೆಗಳಿದ್ದರೆ ಒಂದೇ ರಾತ್ರಿಗೆ 30 ಕೋಟಿ ಬೀಜಕಣ. ಇವುಗಳಲ್ಲಿ ಒಂದು ಕೋಟಿಗೆ ಒಂದರಲ್ಲಿ ಮಾತ್ರ ಆ ಪ್ರೋಟೀನ್ ಕೆಟ್ಟಿದೆ ಎಂದರೂ ರಾತ್ರಿಗೆ 30 ಹೊಸ ಕೀಲಿಗಳು ಗಾಳಿಗೆ ಏರಿದ ಹಾಗೆ. ಅವುಗಳಲ್ಲಿ ಒಂದು ನಿರೋಧಕ ತಳಿಯ ಗದ್ದೆಗೆ ಬಿದ್ದರೆ ಸಾಕು. ಅಲ್ಲಿ ಬೇರೆ ಶಿಲೀಂಧ್ರಗಳ ಪೈಪೋಟಿಯೇ ಇಲ್ಲ. ಎಲ್ಲರಿಗೂ ಮುಚ್ಚಿದ ಬಾಗಿಲು ಅದೊಂದಕ್ಕೆ ತೆರೆದಿದೆ.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಸಿಗುತ್ತದೆ. ಮೊದಲ ಎರಡು ಮೂರು ವರ್ಷ ಚೆನ್ನಾಗಿದ್ದ ಬೀಜ ಆಮೇಲೆ ಬೀಳುವುದು ಬೀಜ ಕೆಟ್ಟಿದ್ದಕ್ಕಲ್ಲ. ಬೀಜ ಅದೇ ಇದೆ. ಸುತ್ತಲಿನ ಶಿಲೀಂಧ್ರದ ಪೀಳಿಗೆ ಬದಲಾಗಿದೆ. ಬೀಜ ನಕಲಿಯಾಗಿರುವುದೂ ಉಂಟು, ಅದನ್ನು ಪರೀಕ್ಷೆ ಮಾಡಿಸಲೇಬೇಕು. ಆದರೆ ಅಸಲಿ ಬೀಜವೂ ಸೋಲುತ್ತದೆ, ಸೋತಾಗ ಅದನ್ನು ನಕಲಿ ಎನ್ನುವುದರಿಂದ ನಿಜವಾದ ಕಾರಣ ಮರೆಯಾಗುತ್ತದೆ.

ಮನುಷ್ಯರ ಲಸಿಕೆಯಲ್ಲೂ ಇಂಥದ್ದೇ ವ್ಯತ್ಯಾಸ ಇದೆ. 1963ರಲ್ಲಿ ಬಂದ ದಡಾರದ ಲಸಿಕೆ ಇವತ್ತಿಗೂ ಕೆಲಸ ಮಾಡುತ್ತಿದೆ. ಫ್ಲೂ ಲಸಿಕೆಯನ್ನು ವರ್ಷ ವರ್ಷ ಬದಲಿಸಬೇಕು. ದಡಾರದ ವಿರುದ್ಧ ನಮ್ಮ ದೇಹ ವೈರಸ್ಸಿನ ಹಲವು ಜಾಗಗಳನ್ನು ಒಟ್ಟಿಗೆ ಹಿಡಿಯುತ್ತದೆ. ಅವೆಲ್ಲ ಒಟ್ಟಿಗೆ ಬದಲಾದರೆ ಆ ವೈರಸ್ಸಿಗೆ ನಮ್ಮ ಜೀವಕೋಶದೊಳಗೆ ಹೋಗುವ ಶಕ್ತಿಯೇ ಉಳಿಯುವುದಿಲ್ಲ. ಒಂದೇ ಜೀನಿನ ಮೇಲೆ ನಿಂತ ಭತ್ತದ ತಳಿ ಫ್ಲೂ ಲಸಿಕೆಯ ಹಾಗೆ. ಹಲವು ಜೀನುಗಳ ಮೇಲೆ ನಿಂತದ್ದು ದಡಾರದ ಲಸಿಕೆಗೆ ಹತ್ತಿರ. ಐಆರ್-64 ಎಂಬ ಭತ್ತದ ತಳಿ ಬಹಳ ವರ್ಷ ಬೆಂಕಿ ರೋಗವನ್ನು ಸುಮಾರಾಗಿ ತಡೆದುಕೊಂಡು ಬಂದಿದ್ದರ ಹಿಂದೆ ದೊಡ್ಡ ಜೀನಿನ ಜೊತೆ ಹಲವು ಸಣ್ಣ ಜೀನುಗಳ ಕೈವಾಡ ಇದೆ.

ರಸಬಾಳೆ ಹೇಳುವ ಮಾತು

ಒಂದೇ ಬಗೆಯ ಗಿಡ ಒಂದೇ ಸೀಮೆಯಲ್ಲಿ ತುಂಬಿದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರು ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ನಂಜನಗೂಡು ರಸಬಾಳೆ ಕಣ್ಣ ಮುಂದೆಯೇ ಇದೆ. ಭೌಗೋಳಿಕ ಗುರುತು ಪಡೆದ ಹಣ್ಣು. ದೇವರಸನಹಳ್ಳಿ ಸುತ್ತಮುತ್ತಲ ತೋಟಗಳ ಹೆಮ್ಮೆ. ಪನಾಮ ಸೊರಗು ರೋಗ ಅದನ್ನು ಬಹುಪಾಲು ಗುಡಿಸಿ ಹಾಕಿತು.

ಬಾಳೆಯನ್ನು ಬೀಜದಿಂದ ಬೆಳೆಯುವುದಿಲ್ಲ, ಕಂದಿನಿಂದ ಬೆಳೆಯುತ್ತೇವೆ. ಹಾಗಾಗಿ ಒಂದು ರಸಬಾಳೆ ಗಿಡಕ್ಕೂ ಇನ್ನೊಂದಕ್ಕೂ ಜೀನಿನಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಒಂದು ಗಿಡ ಸೋತರೆ ಎಲ್ಲವೂ ಸೋತ ಹಾಗೆಯೇ. ರೋಗದ ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರುತ್ತದೆ. ಸೋಂಕಿದ ಕಂದು ಒಂದು ತೋಟದಿಂದ ಇನ್ನೊಂದಕ್ಕೆ ಹೋದರೆ ರೋಗವೂ ಅದರ ಜೊತೆ ಹೋಗುತ್ತದೆ.

ಅಂಗಾಂಶ ಕೃಷಿಯ ಸಸಿ ತಂದರೂ ರೋಗ ಬಂತಲ್ಲ ಎಂಬ ಪ್ರಶ್ನೆ ಬಾಳೆ ಬೆಳೆಗಾರರಲ್ಲಿ ಆಗಾಗ ಕೇಳುತ್ತದೆ. ರೋಗಮುಕ್ತ ಬೇರೆ, ರೋಗ ನಿರೋಧಕ ಬೇರೆ. ಪ್ರಯೋಗಾಲಯದಿಂದ ಬಂದ ಸಸಿಯಲ್ಲಿ ರೋಗಾಣು ಇಲ್ಲ, ಅಷ್ಟೇ. ರೋಗ ತಡೆಯುವ ಜೀನ್ ಅದಕ್ಕೆ ಹೊಸದಾಗಿ ಬಂದಿಲ್ಲ. ಅದನ್ನು ಸೋಂಕಿರುವ ಮಣ್ಣಿಗೆ ನೆಟ್ಟರೆ ಹಳೇ ಕಂದಿನ ಹಾಗೇ ಸೊರಗುತ್ತದೆ.

ಪ್ರಪಂಚದ ಬಾಳೆ ವ್ಯಾಪಾರದಲ್ಲೂ ಇದೇ ನಡೆಯಿತು. ಒಂದು ಕಾಲದಲ್ಲಿ ರಫ್ತಿಗೆಲ್ಲ ಗ್ರೋ ಮಿಶೆಲ್ ಎಂಬ ಒಂದೇ ತಳಿ. 1950, 60ರ ಹೊತ್ತಿಗೆ ಪನಾಮ ರೋಗ ಅದನ್ನು ಮುಗಿಸಿತು. ಅದರ ಜಾಗಕ್ಕೆ ರೋಗ ತಡೆಯುವ ಕ್ಯಾವೆಂಡಿಶ್ ಬಂತು, ನಮ್ಮ ಪಚ್ಚಬಾಳೆ, ಜಿ-9ರ ಬಳಗ. ಮತ್ತೆ ಎಲ್ಲ ಕಡೆ ಅದೊಂದೇ. ಈಗ ಅದೇ ಶಿಲೀಂಧ್ರದ ಟಿಆರ್-4 ಎಂಬ ಬಗೆ ಕ್ಯಾವೆಂಡಿಶ್ ಅನ್ನೂ ಬೀಳಿಸುತ್ತಿದೆ.

ನಾಲಾ ಬಯಲಿನ ಭತ್ತ ಬಾಳೆಯಷ್ಟು ಕೆಟ್ಟ ಸ್ಥಿತಿಯಲ್ಲಿ ಇಲ್ಲ. ಆದರೆ ಅತ್ತ ಕಡೆಗೇ ನಡೆಯುತ್ತಿದೆ. ಅದಕ್ಕೆ ಕಾರಣ ರೈತನ ಅಜ್ಞಾನ ಅಲ್ಲ. ಮಿಲ್ಲಿನವರಿಗೆ ಒಂದೇ ಗಾತ್ರದ ಸಣ್ಣಕ್ಕಿ ಬೇಕು. ಪಕ್ಕದ ಗದ್ದೆಯ ಭತ್ತಕ್ಕೆ ಒಳ್ಳೆ ಬೆಲೆ ಬಂದರೆ ಮುಂದಿನ ವರ್ಷ ಎಲ್ಲರೂ ಅದನ್ನೇ ಹಾಕುತ್ತಾರೆ. ಕಟಾವಿನ ಯಂತ್ರ ಒಂದೇ ದಿನ ಸಾಲಾಗಿ ಎಲ್ಲ ಗದ್ದೆ ಕೊಯ್ಯಬೇಕೆಂದರೆ ಎಲ್ಲವೂ ಒಟ್ಟಿಗೆ ಹಣ್ಣಾಗಬೇಕು. ಒಬ್ಬೊಬ್ಬರ ಲೆಕ್ಕವೂ ಸರಿಯಾಗಿಯೇ ಇದೆ. ಎಲ್ಲರ ಲೆಕ್ಕ ಕೂಡಿದಾಗ ಶಿಲೀಂಧ್ರಕ್ಕೆ ಲಾಭ.

ಯೂರಿಯಾ, ಇಬ್ಬನಿ ಮತ್ತು ತಡವಾದ ನೀರು

ಜೀನ್ ಒಂದೇ ಎಲ್ಲವನ್ನೂ ತೀರ್ಮಾನ ಮಾಡುವುದಿಲ್ಲ. ಗಿಡ, ರೋಗಾಣು, ಹವೆ ಮೂರೂ ಕೂಡಿದರೆ ಮಾತ್ರ ರೋಗ.

ಯೂರಿಯಾದಿಂದ ಶುರು ಮಾಡೋಣ. 45 ಕೆಜಿ ಚೀಲಕ್ಕೆ 266 ರೂಪಾಯಿ 50 ಪೈಸೆ. 50 ಕೆಜಿ ಡಿಎಪಿ ಚೀಲಕ್ಕೆ 1350 ರೂಪಾಯಿ. ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ರೈತ ಯಾವುದನ್ನು ಜಾಸ್ತಿ ಹಾಕುತ್ತಾನೆ ಎಂದು ಹೇಳಬೇಕಾಗಿಲ್ಲ. ಯೂರಿಯಾ ಹೆಚ್ಚಾದರೆ ಪೈರು ಕಡು ಹಸಿರಾಗಿ, ಗರಿ ಮೆತ್ತಗಾಗಿ ಬೆಳೆಯುತ್ತದೆ. ಗರಿಯ ಸಿಪ್ಪೆಗೆ ಗಟ್ಟಿತನ ಕೊಡುವ ಸಿಲಿಕಾನ್ ಅಂಶ ಕಡಿಮೆಯಾಗುತ್ತದೆ. ತೆಂಡೆ ಒತ್ತಾಗಿ ಗಾಳಿಯಾಡದೆ ಇಬ್ಬನಿ ಬೆಳಗ್ಗೆ ಬಹಳ ಹೊತ್ತು ನಿಲ್ಲುತ್ತದೆ. ಮೂರೂ ಶಿಲೀಂಧ್ರಕ್ಕೆ ಬೇಕಾದದ್ದೇ. ಗೊಬ್ಬರದ ಬೆಲೆಯ ನೀತಿ ದೆಹಲಿಯಲ್ಲಿ ಆಗುತ್ತದೆ, ಅದರ ಕಲೆ ಮದ್ದೂರಿನ ಗದ್ದೆಯ ಗರಿಯ ಮೇಲೆ ಕಾಣುತ್ತದೆ.

ಇನ್ನು ನೀರು. ಕೆಆರ್‌ಎಸ್ ತುಂಬುವುದು ತಡವಾದರೆ ನಾಲೆಗೆ ನೀರು ತಡ. ಒಟ್ಟಲು, ಅಂದರೆ ಸಸಿಮಡಿ, ತಡ, ನಾಟಿ ತಡ. ಜುಲೈನಲ್ಲಿ ಆಗಬೇಕಾದ ನಾಟಿ ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಹೋದರೆ ಹೊಡೆ ಒಡೆದು ತೆನೆ ಬರುವುದು ರಾತ್ರಿ ಚಳಿ ಹಿಡಿಯುವ ಹೊತ್ತಿಗೆ. ರಾತ್ರಿ 20 ಡಿಗ್ರಿ ಆಸುಪಾಸು, ಬೆಳಗ್ಗೆವರೆಗೂ ಇಬ್ಬನಿ. ಕುತ್ತಿಗೆ ಬೆಂಕಿ ರೋಗಕ್ಕೆ ಇದಕ್ಕಿಂತ ಒಳ್ಳೆ ಹೊತ್ತು ಬೇರೆ ಇಲ್ಲ. ನೀರು ಸಾಲದೆ ಕಟ್ಟು ಪದ್ಧತಿಯಲ್ಲಿ ಬಿಟ್ಟು ಬಿಟ್ಟು ಕೊಟ್ಟರೆ ಇನ್ನೊಂದು ಪೆಟ್ಟು. ನೀರು ನಿಂತ ಗದ್ದೆಗಿಂತ ಒಣಗಿದ ಗದ್ದೆಯ ಪೈರಿಗೆ ಈ ರೋಗ ಬೇಗ ಹತ್ತುತ್ತದೆ. ಒಂದೇ ಬೀಜ ಒಂದು ವರ್ಷ ಗೆದ್ದು ಇನ್ನೊಂದು ವರ್ಷ ಸೋಲುವುದಕ್ಕೆ ಎಷ್ಟೋ ಸಲ ಕಾವೇರಿಯ ನೀರಿನ ದಿನಾಂಕವೇ ಕಾರಣವಾಗಿರುತ್ತದೆ.

‘ನಿರೋಧಕ’ ಎಂಬ ಪದದೊಳಗೆ

ಬೀಜದ ಚೀಲದ ಮೇಲೆ, ಪ್ರಚಾರದ ಹಾಳೆಯಲ್ಲಿ ನಿರೋಧಕ, ಸಾಧಾರಣ ನಿರೋಧಕ, ಸಹಿಷ್ಣು ಎಂಬ ಪದಗಳು ಬರುತ್ತವೆ. ಅಂಗಡಿಯಲ್ಲಿ ಮೂರೂ ಒಂದೇ ಆಗಿಬಿಡುತ್ತವೆ: ರೋಗ ಬರಲ್ಲ.

ನಿರೋಧಕ ಎಂದರೆ ರೋಗಾಣು ಬೆಳೆಯದಂತೆ ಗಿಡ ತಡೆಯುತ್ತದೆ. ಸಹಿಷ್ಣು ಎಂದರೆ ರೋಗಾಣು ಬೆಳೆಯುತ್ತದೆ, ಆದರೂ ಇಳುವರಿ ಅಷ್ಟಾಗಿ ಬೀಳುವುದಿಲ್ಲ. ಹಾಕಿದವನಿಗೆ ಎರಡೂ ಒಳ್ಳೆಯದೇ. ಪಕ್ಕದವನಿಗೆ ಹಾಗಲ್ಲ. ಸಹಿಷ್ಣು ತಳಿಯ ಗದ್ದೆ ಸುಮ್ನೆ ನಿಂತುಕೊಂಡೇ ರಾತ್ರಿಯೆಲ್ಲ ಬೀಜಕಣ ಉದುರಿಸುತ್ತಿರುತ್ತದೆ. ಅದರ ಒಡೆಯನಿಗೆ ನಷ್ಟವಿಲ್ಲ, ಬದುವಿನ ಆಚೆಯವನಿಗೆ ಇದೆ.

ಯಾವ ರೋಗಕ್ಕೆ ಎಂಬುದೂ ಮುಖ್ಯ. 2008ರಲ್ಲಿ ಬಂದ ಸುಧಾರಿತ ಸಾಂಬಾ ಮಸೂರಿಯಲ್ಲಿ ಮೂರು ಜೀನುಗಳನ್ನು ಕೂಡಿಸಿದ್ದಾರೆ. ಹೈದರಾಬಾದಿನ ವಿಜ್ಞಾನಿಗಳ ಬಹಳ ಒಳ್ಳೆಯ ಕೆಲಸ ಅದು. ಆದರೆ ಆ ಮೂರೂ ದುಂಡಾಣುವಿನಿಂದ ಬರುವ ಎಲೆ ಅಂಗಮಾರಿಗೆ. ಬೆಂಕಿ ರೋಗದ ಶಿಲೀಂಧ್ರಕ್ಕೂ ಅವಕ್ಕೂ ಸಂಬಂಧವಿಲ್ಲ. ಚೀಲದ ಮೇಲೆ ರೋಗದ ಹೆಸರಿಲ್ಲದ ‘ನಿರೋಧಕ’ ಪದಕ್ಕೆ ಅರ್ಥವೇ ಇಲ್ಲ.

ಯಾರು ಏನು ಹೇಳುತ್ತಾರೆ

ತಳಿ ವಿಜ್ಞಾನಿಗಳು ಹೇಳುವುದು ಒಂದು ಬೀಗದ ಬದಲು ಎರಡು ಮೂರು ಬೀಗ ಹಾಕಿ ಎಂದು. ಭತ್ತದಲ್ಲಿ ಬೆಂಕಿ ರೋಗ ತಡೆಯುವ ನೂರರಷ್ಟು ಜೀನುಗಳನ್ನು ಗುರುತಿಸಿದ್ದಾರೆ. ಒಂದು ಕೀಲಿ ಕೋಟಿಗೊಂದು ಸಿಕ್ಕರೆ, ಎರಡು ಕೀಲಿ ಒಂದೇ ಬೀಜಕಣದಲ್ಲಿ ಒಟ್ಟಿಗೆ ಸಿಗುವುದು ಕೋಟಿ ಕೋಟಿಗೊಂದು. ಪೂಸಾ ಬಾಸ್ಮತಿ 1847ರಲ್ಲಿ ಬೆಂಕಿ ರೋಗಕ್ಕೆ ಎರಡು, ಅಂಗಮಾರಿಗೆ ಎರಡು ಜೀನುಗಳನ್ನು ಹೀಗೆ ಕೂಡಿಸಿದ್ದಾರೆ. ವಾದ ಗಟ್ಟಿಯಾಗಿದೆ. ಒಂದು ಷರತ್ತು ಮಾತ್ರ ಇದೆ. ಆ ಜೀನುಗಳನ್ನೇ ಒಂದೊಂದಾಗಿ ಹೊತ್ತ ತಳಿಗಳು ಪಕ್ಕದ ಗದ್ದೆಗಳಲ್ಲಿದ್ದರೆ ಶಿಲೀಂಧ್ರ ಒಂದೊಂದೇ ಬೀಗ ತೆರೆಯುವುದನ್ನು ಕಲಿತು ಕೊನೆಗೆ ಜೋಡಿ ಬೀಗಕ್ಕೂ ಬರುತ್ತದೆ.

ಜೀನ್ ತಿದ್ದುಪಡಿಯ ಪರ ಇರುವವರು ಇನ್ನೊಂದು ದಾರಿ ತೋರಿಸುತ್ತಾರೆ. ಹೊಸ ಕಾವಲುಗಾರನನ್ನು ಇಡುವ ಬದಲು ರೋಗಾಣು ಬಳಸಿಕೊಳ್ಳುವ ಬಾಗಿಲನ್ನೇ ಬದಲಿಸುವುದು. ಅಂಗಮಾರಿಯ ದುಂಡಾಣು ಭತ್ತದ ಸಕ್ಕರೆ ಹೊರಬಿಡುವ ಜೀನನ್ನು ತಾನೇ ಚಾಲೂ ಮಾಡಿಕೊಂಡು ಸಕ್ಕರೆ ತಿನ್ನುತ್ತದೆ. ಆ ಸ್ವಿಚ್ಚನ್ನು ತಿದ್ದಿದರೆ ದುಂಡಾಣುವಿಗೆ ಊಟ ಇಲ್ಲ. ಇದನ್ನು 2019ರಲ್ಲಿ ವಿಜ್ಞಾನಿಗಳು ಭತ್ತದಲ್ಲಿ ಮಾಡಿ ತೋರಿಸಿದ್ದಾರೆ. ಬಾರ್ಲಿಯಲ್ಲಿ ಸಹಜವಾಗಿಯೇ ಕೆಟ್ಟ ಇಂಥ ಒಂದು ಜೀನ್ 1979ರಿಂದಲೂ ಬೂದಿ ರೋಗವನ್ನು ತಡೆಯುತ್ತಿದೆ. 2022ರ ಮಾರ್ಚ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಗಿನ ಜೀನ್ ಸೇರಿಸದ ತಿದ್ದುಪಡಿಗೆ ಕುಲಾಂತರಿ ಬೆಳೆಗಳ ಕಟ್ಟುಪಾಡಿನಿಂದ ವಿನಾಯಿತಿ ಕೊಟ್ಟಿತು. ಕುಲಾಂತರಿ ವಿರೋಧಿ ಸಂಘಟನೆಗಳು ಇದನ್ನೇ ಪ್ರಶ್ನಿಸುತ್ತವೆ. ಪರೀಕ್ಷೆ ಸಾಲದು, ತಿದ್ದುವ ತಂತ್ರದ ಪೇಟೆಂಟ್ ವಿದೇಶದವರ ಕೈಯಲ್ಲಿದ್ದರೆ ಬೀಜದ ಹಕ್ಕು ಯಾರದ್ದು ಎಂದು ಕೇಳುತ್ತವೆ. ಪೇಟೆಂಟಿನ ಪ್ರಶ್ನೆಗೆ ಸರ್ಕಾರ ಬಿಡಿಸಿ ಉತ್ತರ ಕೊಡಬೇಕು.

ಔಷಧಿ ಅಂಗಡಿಯವರ ಉತ್ತರ ಗೊತ್ತೇ ಇದೆ. ಲೀಟರಿಗೆ 0.6 ಗ್ರಾಂ ಟ್ರೈಸೈಕ್ಲಜೋಲ್, ಸರಿಯಾದ ಹೊತ್ತಿಗೆ ಹೊಡೆದರೆ ಬೆಳೆ ಉಳಿಯುತ್ತದೆ. ನಿಜ. ಆದರೆ ಯುರೋಪು 2018ರಿಂದ ಅಕ್ಕಿಯಲ್ಲಿ ಇದರ ಉಳಿಕೆಯ ಮಿತಿಯನ್ನು ಕೆಜಿಗೆ 0.01 ಮಿಲಿಗ್ರಾಂಗೆ ಇಳಿಸಿದೆ. ನಮ್ಮ ಸೀಮೆಯ ಅಕ್ಕಿ ಯುರೋಪಿಗೆ ಹೋಗುವುದು ಕಡಿಮೆ, ನಾವೇ ತಿನ್ನುತ್ತೇವೆ. ಅದಕ್ಕಾದರೂ ಕಾಳಜಿ ಬೇಡವೇ?

ನಾಟಿ ಬೀಜ ಉಳಿಸುವವರ ದನಿಯೂ ಮಂಡ್ಯದಲ್ಲಿ ಗಟ್ಟಿಯಾಗಿದೆ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ಭತ್ತದ ತಳಿಗಳನ್ನು ಬೆಳೆದು ಉಳಿಸಿಕೊಂಡು ಬಂದಿದ್ದಾರೆ. ನಾಟಿ ತಳಿಗೆ ರೋಗವೇ ಬರುವುದಿಲ್ಲ ಎಂಬ ಮಾತನ್ನು ಮಾತ್ರ ಒಪ್ಪುವುದು ಕಷ್ಟ. ಹಳೆಯ ತಳಿಗಳಲ್ಲೂ ಬೆಂಕಿ ರೋಗಕ್ಕೆ ಬೀಳುವಂಥವು ಬೇಕಾದಷ್ಟಿವೆ. ಅವು ಉಳಿದುಕೊಂಡಿದ್ದು ಹತ್ತಾರು ಬಗೆ ಒಟ್ಟಿಗೆ ಇದ್ದುದರಿಂದ ಮತ್ತು ಯೂರಿಯಾ ಇಲ್ಲದ್ದರಿಂದ. ರಾಜಮುಡಿಯೊಂದನ್ನೇ ಇಡೀ ನಾಲೆಗೆ ಹಾಕಿದರೆ ಅದಕ್ಕೂ ಇದೇ ಗತಿ. ಆದರೂ ಆ ಕಣಜ ಬೇಕೇ ಬೇಕು. ನಾಳೆ ಬೇಕಾಗುವ ಬೀಗಗಳು ಅಂಥ ಸಂಗ್ರಹಗಳಲ್ಲೇ ಇರುತ್ತವೆ. ಅಂಗಮಾರಿ ತಡೆಯುವ ಎಕ್ಸ್‌ಎ21 ಎಂಬ ಹೆಸರಾಂತ ಜೀನ್ ಸಿಕ್ಕಿದ್ದು ಆಫ್ರಿಕಾದ ಮಾಲಿಯ ಕಾಡು ಭತ್ತದಲ್ಲಿ.

ಆಫ್ರಿಕಾದ ಋಣ ಮಂಡ್ಯಕ್ಕೆ ಹೊಸದಲ್ಲ. ಇಲ್ಲಿನ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯ ಅವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಹೆಸರಿನಲ್ಲೇ ಎರಡೂ ನಾಡು ಇವೆ. ಅದೇ ಬಳಗದಿಂದ ಮುಂದೆ ಬಂದ ಜಿಪಿಯು-28 ರಾಗಿಯ ಬೆಂಕಿ ರೋಗವನ್ನು ತಡೆಯುವ ತಳಿ. 1990ರ ದಶಕದಲ್ಲಿ ಬಂದದ್ದನ್ನು ರೈತರು ಇವತ್ತಿಗೂ ಬಿತ್ತುತ್ತಿದ್ದಾರೆ.

ಹೀಗೇ ನಡೆದರೆ

ಒಂದು ನಿರೋಧಕ ತಳಿ ಮಾಡಲು ಹತ್ತು ವರ್ಷದ ಆಸುಪಾಸು ಬೇಕು. ಅದನ್ನು ಶಿಲೀಂಧ್ರ ಮೂರು ನಾಲ್ಕು ವರ್ಷದಲ್ಲಿ ಮುರಿದರೆ ಸಂಶೋಧನೆ ಯಾವತ್ತೂ ಹಿಂದೆಯೇ ಉಳಿಯುತ್ತದೆ. ತಳಿ ಸೋತಷ್ಟೂ ಸಿಂಪಡಣೆ ಹೆಚ್ಚುತ್ತದೆ. ಅದರ ಪೆಟ್ಟು ಮೊದಲು ಬೀಳುವುದು ಗುತ್ತಿಗೆಗೆ ಅಥವಾ ವಾರಕ್ಕೆ, ಅಂದರೆ ಪಾಲಿಗೆ, ಗದ್ದೆ ಮಾಡುವವರಿಗೆ. ಬೆಳೆ ಹೋದರೂ ಗುತ್ತಿಗೆ ಹಣ ಕೊಡಲೇಬೇಕು.

ಬೆಳೆ ವಿಮೆ ಇದೆಯಲ್ಲ ಎನ್ನಬಹುದು. ಫಸಲ್ ಬಿಮಾ ಯೋಜನೆಯಲ್ಲಿ ರೋಗದ ನಷ್ಟವನ್ನು ಒಬ್ಬೊಬ್ಬರ ಗದ್ದೆ ನೋಡಿ ಅಳೆಯುವುದಿಲ್ಲ. ಗ್ರಾಮ ಪಂಚಾಯಿತಿ ಅಥವಾ ಹೋಬಳಿಯ ಸರಾಸರಿ ಇಳುವರಿ ನೋಡುತ್ತಾರೆ. ನಾಲೆಯ ಕೊನೆಯಲ್ಲಿ ನೀರು ತಡವಾಗಿ ಸಿಕ್ಕ ಹತ್ತು ಗದ್ದೆ ಪೂರ್ತಿ ಹೋದರೂ, ನಾಲೆಯ ತಲೆಯ ಗದ್ದೆಗಳು ಚೆನ್ನಾಗಿ ಬೆಳೆದಿದ್ದರೆ ಸರಾಸರಿ ಕೆಡುವುದಿಲ್ಲ, ಪರಿಹಾರವೂ ಬರುವುದಿಲ್ಲ. ಇದು ತೀರಾ ಅನ್ಯಾಯ.

ತೂಬಿಗೊಂದು ತಳಿ

ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ 1998, 99ರಲ್ಲಿ ಸಾವಿರಾರು ರೈತರು ಸೇರಿ ಒಂದು ಪ್ರಯೋಗ ಮಾಡಿದರು. ರೋಗಕ್ಕೆ ಬೀಳುವ, ಆದರೆ ಒಳ್ಳೆ ಬೆಲೆಯ ಅಂಟು ಭತ್ತವನ್ನು ರೋಗ ತಡೆಯುವ ಹೈಬ್ರಿಡ್ ಸಾಲುಗಳ ನಡುವೆ ನೆಟ್ಟರು. ಅಂಟು ಭತ್ತದಲ್ಲಿ ಬೆಂಕಿ ರೋಗದ ತೀವ್ರತೆ ಶೇಕಡಾ 94ರಷ್ಟು ಇಳಿಯಿತು. ಅದೊಂದನ್ನೇ ಬೆಳೆದ ಗದ್ದೆಗಿಂತ ಅದರ ಇಳುವರಿ ಶೇಕಡಾ 89 ಹೆಚ್ಚಾಯಿತು. 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಕಾರಣ ಸರಳ. ಒಂದು ಗಿಡದಿಂದ ಹಾರಿದ ಬೀಜಕಣ ಪಕ್ಕದ ಸಾಲಿನಲ್ಲಿ ತನಗೆ ತೆರೆಯದ ಬಾಗಿಲನ್ನೇ ಕಾಣುತ್ತದೆ.

ಸಾಲು ಸಾಲಾಗಿ ಬೆರೆಸುವುದು ನಮ್ಮಲ್ಲಿ ಆಗುವ ಮಾತಲ್ಲ. ಅಲ್ಲಿ ಕೈಯಲ್ಲಿ ಕೊಯ್ದರು, ಇಲ್ಲಿ ಯಂತ್ರ ಬರಬೇಕು. ಆದರೆ ಅದೇ ಉಪಾಯವನ್ನು ದೊಡ್ಡ ಅಳತೆಯಲ್ಲಿ ಮಾಡಬಹುದು. ನಾಲೆಯಿಂದ ಗದ್ದೆಗಳಿಗೆ ನೀರು ಬಿಡುವ ಒಂದು ತೂಬಿನ ಕೆಳಗೆ ಒಂದು ತಳಿ, ಪಕ್ಕದ ತೂಬಿಗೆ ಬೇರೆ ಜೀನಿನ ಇನ್ನೊಂದು ತಳಿ, ಎರಡು ಮೂರು ವರ್ಷಕ್ಕೊಮ್ಮೆ ಅದಲು ಬದಲು. ಒಂದು ತೂಬಿನೊಳಗೆ ಎಲ್ಲ ಒಂದೇ ದಿನ ಹಣ್ಣಾಗುತ್ತದೆ, ಯಂತ್ರಕ್ಕೂ ತೊಂದರೆ ಇಲ್ಲ, ಮಿಲ್ಲಿಗೂ ಲೋಡುಗಟ್ಟಲೆ ಒಂದೇ ಭತ್ತ ಸಿಗುತ್ತದೆ. ಜೀನ್ ತಿದ್ದುವುದಕ್ಕಿಂತ ಇದು ಅಗ್ಗ. ಒಬ್ಬ ರೈತ ಒಂಟಿಯಾಗಿ ಮಾಡಲು ಆಗದ್ದು ಎಂಬುದೊಂದೇ ಕಷ್ಟ. ಕಾವೇರಿ ಬಯಲಿನಲ್ಲಿ ನೀರು ಬಳಕೆದಾರರ ಸಂಘಗಳು ಇವೆ. ನೀರಿನ ಸರದಿ ಮಾತಾಡುವ ಜಾಗದಲ್ಲೇ ತಳಿಯ ಸರದಿಯನ್ನೂ ಮಾತಾಡಬಹುದು. ರೈತ ಸಂಪರ್ಕ ಕೇಂದ್ರಗಳು ಬೀಜ ಕೊಡುವಾಗ ಯಾವ ತೂಬಿಗೆ ಯಾವುದು ಎಂದು ನೋಡಿ ಕೊಡಬೇಕಾಗುತ್ತದೆ.

ಅದಕ್ಕೆ ಮೊದಲು ಈ ನಾಲೆಯ ಶಿಲೀಂಧ್ರ ಯಾವ ಬೀಗವನ್ನು ಈಗಾಗಲೇ ತೆರೆದಿದೆ ಎಂದು ಗೊತ್ತಾಗಬೇಕು. ಕೊಡಗಿನ ಪೊನ್ನಂಪೇಟೆಯಲ್ಲಿ ಬೆಂಕಿ ರೋಗದ ಕಾಟ ಹೆಚ್ಚು, ಅದಕ್ಕೇ ಅಲ್ಲಿ ಹೊಸ ತಳಿಗಳನ್ನು ಪರೀಕ್ಷೆಗೆ ಹಾಕುತ್ತಾರೆ. ಸುತ್ತ ರೋಗಕ್ಕೆ ಬೀಳುವ ತಳಿಯ ಸಾಲು, ನಡುವೆ ಪರೀಕ್ಷೆಯ ಸಾಲು. ಆದರೆ ಪೊನ್ನಂಪೇಟೆಯ ಶಿಲೀಂಧ್ರದ ಪೀಳಿಗೆ ಬೇರೆ, ಪಾಂಡವಪುರದ್ದು ಬೇರೆ ಇರಬಹುದು. ಅಲ್ಲಿ ಗೆದ್ದದ್ದು ಇಲ್ಲಿ ಸೋಲಬಹುದು. ಹಾಗಾಗಿ ಒಂದೊಂದು ನಾಲೆಯ ಕೆಳಗೂ ಅಂಥ ಒಂದು ಸಣ್ಣ ತಾಕು ಇರಬೇಕು. ಎರಡು ಗುಂಟೆ ಸಾಕು. ಹತ್ತು ತಳಿ, ಒಂದೊಂದಕ್ಕೆ ಎರಡು ಸಾಲು. ಯೂರಿಯಾ ಬೇಕೆಂದೇ ಸ್ವಲ್ಪ ಜಾಸ್ತಿ, ಔಷಧಿ ಬೇಡ. ಅಕ್ಟೋಬರ್ ಕೊನೆಯ ಇಬ್ಬನಿ ಬೀಳುವ ಹೊತ್ತಿಗೆ ಯಾವ ಸಾಲಿನ ಗರಿಯಲ್ಲಿ ಬರೀ ಕಂದು ಚುಕ್ಕಿ ಇದೆ, ಯಾವುದರಲ್ಲಿ ಬೂದಿ ಬಣ್ಣ ತಿರುಗಿದೆ ಎಂದು ಬದುವಿನ ಮೇಲೆ ನಿಂತ ಯಾರಿಗಾದರೂ ಕಾಣುತ್ತದೆ. ಮುಂದಿನ ಜೂನ್‌ನಲ್ಲಿ ಒಟ್ಟಲಿಗೆ ಬೀಜ ಹಾಕುವುದಕ್ಕೆ ಇನ್ನೂ ಏಳು ತಿಂಗಳಿರುತ್ತದೆ.